ಸಾಲವಿರುವಾಗ ಜಮೀನು ಕೊಳ್ಳುವುದು ಲಾಭವೇ?

ಮಳೆಬೆಳೆ ಚೆನ್ನಾಗಿ ಆಗಿ, ಫಸಲಿಗೆ ತಕ್ಕ ಬೆಲೆಯೂ ದೊರೆತ ವರ್ಷಗಳಲ್ಲಿ ಹಿಡುವಳಿದಾರರ ಕೈಯಲ್ಲಿ ನಾಲ್ಕು ಕಾಸು ನಿಲ್ಲುವುದುಂಟು. ಆ ಹಣವು ಬಹುಮಟ್ಟಿಗೆ ಜಮೀನಿನ ಕಡೆಗೇ ಹರಿಯುತ್ತದೆ. ನೆರೆಯ ಹೊಲವು ಕ್ರಯಕ್ಕೆ ಬಂದಿದೆಯೆಂದು ತಿಳಿದೊಡನೆ, ಹಳೆಯ ಸಾಲವು ಹಾಗೆಯೇ ನಿಂತಿದ್ದರೂ, ಸಾಲದೆ ಬಂದ ಮೊತ್ತಕ್ಕೆ ಮತ್ತೊಂದು ಸಾಲವನ್ನೆತ್ತಿಯಾದರೂ ಅದನ್ನು ಕೊಂಡುಬಿಡುವವರು ಅನೇಕರು. ಭೂಮಿಯು ಸ್ಥಿರವಾದ ಸ್ವತ್ತು, ಸಾಲವನ್ನು ಎಂದಾದರೂ ತೀರಿಸಬಹುದು, ಹೊಲವು ಮತ್ತೆ ಸಿಕ್ಕುವುದಿಲ್ಲ ಎಂಬುದು ಅವರ ವಾದ. ಈ ವಾದವು ಲೆಕ್ಕದ ಮುಂದೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಮಹನೀಯರಾದ ಗ್ರಾಮದ ಯಜಮಾನರೂ ಹಿಡುವಳಿದಾರರೂ ಪರ್ಯಾಲೋಚಿಸಬೇಕೆಂದು ಈ ಲೇಖನವನ್ನು ಬರೆಯಲಾಗಿದೆ.

ಬಡ್ಡಿಯ ನಿಜಸ್ವರೂಪ

ಕೈಸಾಲಗಳ ಬಡ್ಡಿಯನ್ನು ನಮ್ಮ ಗ್ರಾಮಗಳಲ್ಲಿ ತಿಂಗಳ ಲೆಕ್ಕದಲ್ಲಿ ಹೇಳುವ ವಾಡಿಕೆ ಇದೆ. ನೂರಕ್ಕೆ ಎರಡು ರೂಪಾಯಿ ಎಂದರೆ ಕಿವಿಗೆ ಅಲ್ಪವಾಗಿ ಕೇಳುತ್ತದೆ. ಆದರೆ ಅದು ವರ್ಷಕ್ಕೆ ಶೇಕಡ 24 ಆಗುತ್ತದೆ. ಬಡ್ಡಿಯನ್ನು ಕಟ್ಟದೆ ವರ್ಷವರ್ಷವೂ ಅಸಲಿಗೆ ಸೇರಿಸುತ್ತ ಹೋದರೆ, ಇಂದಿನ 1 ಲಕ್ಷ ರೂಪಾಯಿ ಸಾಲವು ಮೂರು ವರ್ಷಗಳ ಕೊನೆಗೆ ಸುಮಾರು 1 ಲಕ್ಷ 90 ಸಾವಿರವಾಗಿಯೂ, ನಾಲ್ಕನೆಯ ವರ್ಷದ ಕೊನೆಗೆ ಸುಮಾರು 2 ಲಕ್ಷ 36 ಸಾವಿರವಾಗಿಯೂ ಬೆಳೆಯುತ್ತದೆ. ಮಳೆ ಬಾರದಿದ್ದರೂ ಬೆಳೆಯತಕ್ಕ ಪೈರು ಇದೊಂದೇ.

ಆದಕಾರಣ ಶೇಕಡ 24ರ ಸಾಲವನ್ನು ತೀರಿಸಿದವನು ತನ್ನ ಹಣಕ್ಕೆ ಶೇಕಡ 24ರ ಆದಾಯವನ್ನು ಸಂಪಾದಿಸಿದಂತೆಯೇ ಸರಿ. ಈ ಆದಾಯಕ್ಕೆ ಹುಳುವಿನ ಕಾಟವಿಲ್ಲ, ಪೇಟೆಯ ಧಾರಣೆಯ ಭಯವಿಲ್ಲ. ಇಷ್ಟು ನಿಶ್ಚಿತವಾದ ಆದಾಯವನ್ನು ಕೊಡಬಲ್ಲ ಹೊಲವು ಸಿಕ್ಕುವುದು ಬಹು ದುರ್ಲಭ.

ಒಂದು ಉದಾಹರಣೆ

ಒಬ್ಬ ಹಿಡುವಳಿದಾರನಿಗೆ ಶೇಕಡ 24ರ ಬಡ್ಡಿಯ 2 ಲಕ್ಷ ರೂಪಾಯಿ ಹಳೆಯ ಸಾಲವಿದೆಯೆಂದೂ, ಈ ವರ್ಷ ಅವನ ಕೈಯಲ್ಲಿ 3 ಲಕ್ಷ ರೂಪಾಯಿ ಉಳಿದಿದೆಯೆಂದೂ ಇಟ್ಟುಕೊಳ್ಳೋಣ. 6 ಲಕ್ಷ ರೂಪಾಯಿ ಬೆಲೆಯ ಒಂದು ಎಕರೆ ಖುಷ್ಕಿ ಜಮೀನು ಕ್ರಯಕ್ಕೆ ಬಂದಿದೆ. ಖರ್ಚು ಕಳೆದು ಅದರಿಂದ ವರ್ಷಕ್ಕೆ 24 ಸಾವಿರ ರೂಪಾಯಿ ಉಳಿಯಬಹುದು. ಅವನು ಕೈಯಲ್ಲಿರುವ 3 ಲಕ್ಷವನ್ನು ಕೊಟ್ಟು, ಮಿಕ್ಕ 3 ಲಕ್ಷಕ್ಕೆ ಶೇಕಡ 12ರಂತೆ ಹೊಸ ಸಾಲವನ್ನು ತೆಗೆದು ಜಮೀನನ್ನು ಕೊಂಡನೆಂದು ಭಾವಿಸಿರಿ. ಹಳೆಯ ಸಾಲದ ಬಡ್ಡಿ 48 ಸಾವಿರ, ಹೊಸ ಸಾಲದ ಬಡ್ಡಿ 36 ಸಾವಿರ, ಒಟ್ಟು 84 ಸಾವಿರ ರೂಪಾಯಿ. ಹೊಸ ಹೊಲದ 24 ಸಾವಿರವನ್ನು ಇದಕ್ಕೆ ಸಲ್ಲಿಸಿದರೂ, ವರ್ಷಕ್ಕೆ 60 ಸಾವಿರ ರೂಪಾಯಿಯನ್ನು ಅವನ ಹಳೆಯ ಹೊಲಗಳೇ ಹೊರಬೇಕು. ಮುದ್ರಾಂಕದ ಮತ್ತು ನೋಂದಣಿಯ ಶುಲ್ಕಗಳು ಇದರಲ್ಲಿ ಸೇರಿಲ್ಲ.

ಇದಕ್ಕೆ ಬದಲಾಗಿ ಅವನು 2 ಲಕ್ಷ ಕೊಟ್ಟು ಹಳೆಯ ಸಾಲವನ್ನು ಚುಕ್ತಾ ಮಾಡಿದರೆ, ಕೈಯಲ್ಲಿ 1 ಲಕ್ಷ ಉಳಿಯುತ್ತದೆ. ಕಟ್ಟತಕ್ಕ ಬಡ್ಡಿ ಏನೂ ಇಲ್ಲ. ಹಿಂದೆ ಬಡ್ಡಿಗೆಂದು ಹೋಗುತ್ತಿದ್ದ 48 ಸಾವಿರವನ್ನು ವರ್ಷವರ್ಷವೂ ಕೂಡಿಟ್ಟರೆ ಐದು ವರ್ಷಗಳಲ್ಲಿ ಆ 1 ಲಕ್ಷವೂ ಸೇರಿ 3 ಲಕ್ಷ 40 ಸಾವಿರವಾಗುತ್ತದೆ. ಆಗ ಅವನು ಜಮೀನಿನ ಮಾತೆತ್ತಿದರೆ ಅದಕ್ಕೆ ಬಲವಿರುತ್ತದೆ.

ಕೊಂಡವನಿಗೆ ಒಂದು ಎಕರೆ ಸ್ವತ್ತಾದರೂ ಬಂದಿತಲ್ಲವೇ ಎಂದು ಕೇಳಬಹುದು. 6 ಲಕ್ಷದ ಜಮೀನಿನ ಮೇಲೆ 5 ಲಕ್ಷದ ಋಣವಿರುವವನ ನಿಜವಾದ ಸ್ವತ್ತು 1 ಲಕ್ಷ ಮಾತ್ರ. ಸಾಲ ತೀರಿಸಿ 1 ಲಕ್ಷವನ್ನು ಕೈಯಲ್ಲಿಟ್ಟುಕೊಂಡವನ ಸ್ವತ್ತೂ ಅಷ್ಟೇ. ಮೊದಲನೆಯವನು ಮಾತ್ರ ವರ್ಷಕ್ಕೆ 60 ಸಾವಿರದ ಹೊರೆಯನ್ನು ಹೆಚ್ಚಾಗಿ ಹೊತ್ತಿರುತ್ತಾನೆ.

ಬೆಲೆ ಏರುವುದೆಂಬ ಭರವಸೆ

ಜಮೀನಿನ ಬೆಲೆ ಏರುತ್ತದೆಂಬುದು ಇನ್ನೊಂದು ವಾದ. ಮೇಲಿನ ಉದಾಹರಣೆಯಲ್ಲಿ ವರ್ಷದ 60 ಸಾವಿರದ ನಷ್ಟವು ಸರಿಹೋಗಬೇಕಾದರೆ, 6 ಲಕ್ಷದ ಹೊಲದ ಬೆಲೆಯು ಮೊದಲನೆಯ ವರ್ಷವೇ ಶೇಕಡ 10ರಷ್ಟು ಏರಬೇಕು. ಮುಂದಿನ ವರ್ಷಗಳಲ್ಲಿಯೂ ಅಷ್ಟೇ ಹಣದ ಏರಿಕೆಯು ತಪ್ಪದೆ ನಡೆಯಬೇಕು. ಏರಿದರೂ ಆ ಲಾಭವು ಮಾರಿದ ದಿನವೇ ಕೈಗೆ ಬರುವುದು. ಬಡ್ಡಿಯಾದರೋ ವಾಯಿದೆಗೆ ಸರಿಯಾಗಿ ಬಾಗಿಲಿಗೆ ಬರುತ್ತದೆ.

ಹಿಂದಿನ ಅನುಭವವೂ ಇದನ್ನೇ ತೋರಿಸುತ್ತದೆ. ಪಂಜಾಬಿನ ರೈತರ ಸ್ಥಿತಿಯನ್ನು ಕುರಿತು 1925ರಲ್ಲಿ ಗ್ರಂಥವನ್ನು ಪ್ರಕಟಿಸಿದ ಮಾಲ್ಕಂ ಡಾರ್ಲಿಂಗ್ ಎಂಬ ಅಧಿಕಾರಿಗಳು, ಬಡತನದಲ್ಲಿ ಮಾತ್ರವೇ ಅಲ್ಲದೆ ಸಮೃದ್ಧಿಯಲ್ಲಿಯೂ ಸಾಲವು ಬೆಳೆಯುತ್ತದೆಂದು ವಿವರಿಸಿದರು. ಜಮೀನಿನ ಬೆಲೆ ಏರಿದಂತೆ ರೈತನಿಗೆ ಸಾಲ ಸುಲಭವಾಗಿ ಸಿಕ್ಕುತ್ತದೆ. ಸಿಕ್ಕಿದ್ದರಿಂದಲೇ ಅವನು ತೆಗೆಯುತ್ತಾನೆ. ಇದಾದ ಕೆಲವೇ ವರ್ಷಗಳಲ್ಲಿ, 1929ರಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟಿನಿಂದ ಅನೇಕ ಫಸಲುಗಳ ಧಾರಣೆಯು ಸುಮಾರು ಅರ್ಧಕ್ಕೆ ಇಳಿಯಿತು. ಸಾಲದ ಅಂಕಿ ಮಾತ್ರ ಇಳಿಯಲಿಲ್ಲ. ಹತ್ತು ಮೂಟೆಗಳಿಂದ ತೀರಬಹುದಾಗಿದ್ದ ಕಂತಿಗೆ ಇಪ್ಪತ್ತು ಮೂಟೆಗಳು ಬೇಕಾದವು.

ಎಲ್ಲ ಸಾಲವೂ ಒಂದೇ ಅಲ್ಲ

ಸಾಲವೆಂದರೆ ಎಲ್ಲವೂ ಶತ್ರುವೆಂದು ತಿಳಿಯಬಾರದು. ಬೀಜಕ್ಕೂ ಗೊಬ್ಬರಕ್ಕೂ ತೆಗೆದು ಫಸಲಿನಿಂದಲೇ ತೀರಿಸತಕ್ಕ ಬೆಳೆಸಾಲವು ಉಪಯುಕ್ತವಾದುದು. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದ್ದು ಇಂಥ ಸಾಲವು ನ್ಯಾಯವಾದ ಬಡ್ಡಿಗೆ ದೊರೆಯಲೆಂದೇ. 2023ರ ಜುಲೈ ತಿಂಗಳಲ್ಲಿ ಮಂಡಿಸಿದ ರಾಜ್ಯದ ಆಯವ್ಯಯದಲ್ಲಿ, ಸಹಕಾರ ಸಂಘಗಳ ಮೂಲಕ ಬಡ್ಡಿಯಿಲ್ಲದೆ ಕೊಡುವ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೆ ಏರಿಸುವುದಾಗಿ ಪ್ರಕಟಿಸಲಾಯಿತು. ಇಂಥ ಸಾಲವನ್ನು ವಾಯಿದೆಗೆ ಮೊದಲೇ ತೀರಿಸಲು ಆತುರಪಡಬೇಕಾದುದಿಲ್ಲ. ಆದರೆ ವಾಯಿದೆಯನ್ನು ಮೀರಿದರೆ ರಿಯಾಯಿತಿಯು ತಪ್ಪಿಹೋಗುವುದೆಂಬುದನ್ನು ಮರೆಯಬಾರದು.

ತೀರಿಸುವ ಕ್ರಮ

ಮೊದಲು ಎಲ್ಲ ಸಾಲಗಳನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಬಡ್ಡಿಯನ್ನೂ ವರ್ಷದ ಲೆಕ್ಕಕ್ಕೆ ತಿರುಗಿಸಿ, ಹೆಚ್ಚಿನ ಬಡ್ಡಿಯದನ್ನು ಮೊದಲು ತೀರಿಸತಕ್ಕದ್ದು. ಭೋಗ್ಯಕ್ಕೆ ಕೊಟ್ಟ ಹೊಲವಿದ್ದರೆ ಅದರ ಫಸಲೇ ಬಡ್ಡಿ. 1 ಲಕ್ಷ 50 ಸಾವಿರಕ್ಕೆ ಭೋಗ್ಯವಾದ ಎಕರೆಯು ಖರ್ಚು ಕಳೆದು ವರ್ಷಕ್ಕೆ 30 ಸಾವಿರ ಕೊಡುವುದಾದರೆ, ಅದು ಶೇಕಡ 20ರ ಸಾಲ. ಅನ್ಯರ ಹೊಲವನ್ನು 6 ಲಕ್ಷಕ್ಕೆ ಕೊಳ್ಳುವುದಕ್ಕಿಂತ ತನ್ನದೇ ಹೊಲವನ್ನು 1 ಲಕ್ಷ 50 ಸಾವಿರಕ್ಕೆ ಬಿಡಿಸಿಕೊಳ್ಳುವುದು ಎಷ್ಟು ಲಾಭಕರವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಒಂದೇ ಸಲಕ್ಕೆ ತೀರಿಸುವ ಶಕ್ತಿಯಿಲ್ಲದವರು ದುಬಾರಿ ಸಾಲವನ್ನು ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲಕ್ಕೆ ಬದಲಾಯಿಸಬಹುದೇ ಎಂದು ನೋಡಬೇಕು. ಮೈಸೂರು ಸಂಸ್ಥಾನದಲ್ಲಿ 1929ರಲ್ಲಿ ಭೂ ಅಡಮಾನ ಬ್ಯಾಂಕು ಸ್ಥಾಪಿತವಾದಾಗ ರೈತರ ಹಳೆಯ ಋಣಗಳ ವಿಮೋಚನೆಯೇ ಅಂಥ ಬ್ಯಾಂಕುಗಳ ಮುಖ್ಯೋದ್ದೇಶವಾಗಿತ್ತು. ಬದಲಾಯಿಸಿದ ಮೇಲೆ ಸಾಹುಕಾರನಲ್ಲಿ ಮತ್ತೆ ಕೈಸಾಲ ತೆಗೆಯದಿದ್ದರೆ ಮಾತ್ರ ಇದರಿಂದ ಫಲವುಂಟು.

ಸಾಲ ತೀರಿದ ದಿನವೇ ರಸೀದಿಯನ್ನೂ ಮೂಲ ಪತ್ರವನ್ನೂ ಹಿಂದಕ್ಕೆ ಪಡೆಯತಕ್ಕದ್ದು. ಅಡಮಾನವು ನೋಂದಣಿಯಾಗಿದ್ದರೆ ಅದರ ಬಿಡುಗಡೆಯನ್ನೂ ನೋಂದಾಯಿಸಿ, ಪಹಣಿಯಲ್ಲಿರುವ ಋಣದ ನಮೂದನ್ನು ತೆಗೆಸಬೇಕು. ಇದನ್ನು ಉದಾಸೀನ ಮಾಡಿದ್ದರಿಂದ ತಂದೆ ತೀರಿಸಿದ ಸಾಲಕ್ಕೆ ಮಗನು ಮತ್ತೆ ಉತ್ತರ ಹೇಳಬೇಕಾಗಿ ಬರಬಹುದು.

ಜಮೀನು ಕೊಳ್ಳುವುದಕ್ಕೆ ಮೊದಲು

ಋಣವು ತೀರಿದ ಮೇಲೆ ಒಂದು ವರ್ಷದ ಮನೆಖರ್ಚು, ಬಿತ್ತನೆ, ಮೇವು ಇವುಗಳಿಗೆ ಸಾಕಾಗುವಷ್ಟು ಹಣವನ್ನು ಪ್ರತ್ಯೇಕವಾಗಿ ಇಡಬೇಕು. ಅನಂತರ ಇರುವ ಹೊಲದ ಬದು, ಬಾವಿ, ಗೊಬ್ಬರದ ಗುಂಡಿಗಳ ಕಡೆಗೆ ನೋಡಬೇಕು. ಆಮೇಲೆ ಹೊಸ ಜಮೀನನ್ನು ಕುರಿತು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಲಿ. ಅದರ ನಿವ್ವಳ ಉತ್ಪತ್ತಿಯು ಅದಕ್ಕಾಗಿ ತೆಗೆಯುವ ಸಾಲದ ಬಡ್ಡಿಯನ್ನು ಮುಟ್ಟುತ್ತದೆಯೇ? ಒಂದರ ಹಿಂದೊಂದು ಎರಡು ವರ್ಷ ಮಳೆ ತಪ್ಪಿದರೂ ಕಂತನ್ನು ಕಟ್ಟಲು ಸಾಧ್ಯವೇ? ಅದಕ್ಕೆ ಬೇಕಾದ ಎತ್ತು, ಆಳು, ಗೊಬ್ಬರಗಳನ್ನು ಹಳೆಯ ಹೊಲಕ್ಕೆ ಕೊರತೆ ಮಾಡದೆ ಒದಗಿಸಬಹುದೇ? ಮೂರಕ್ಕೂ ಹೌದೆಂಬ ಉತ್ತರ ಬಂದಲ್ಲಿ ಕೊಳ್ಳಲು ಅಡ್ಡಿಯಿಲ್ಲ.

ಗ್ರಾಮದ ಯಜಮಾನರಲ್ಲಿ ಒಂದು ವಿಜ್ಞಾಪನೆ. ಕ್ರಯಪತ್ರಕ್ಕೂ ಸಾಲದ ಪತ್ರಕ್ಕೂ ಸಾಕ್ಷಿ ಹಾಕಲು ಜನರು ಕರೆಯುವುದು ತಮ್ಮನ್ನೇ. ರುಜು ಹಾಕುವುದಕ್ಕೆ ಮುಂಚೆ, ಕೊಳ್ಳುವವನ ಹಳೆಯ ಸಾಲವೆಷ್ಟು, ಅದರ ಬಡ್ಡಿ ವರ್ಷಕ್ಕೆ ಎಷ್ಟು ಎಂದು ತಾವು ಕೇಳಿ ಲೆಕ್ಕ ಹಾಕಿ ತೋರಿಸಿದರೆ, ಒಂದು ಎಕರೆಯ ಆಸೆಗಾಗಿ ಪಿತ್ರಾರ್ಜಿತವಾದ ಐದು ಎಕರೆಗಳು ಹರಾಜಿಗೆ ಹೋಗುವುದು ಎಷ್ಟೋ ಮನೆಗಳಲ್ಲಿ ತಪ್ಪೀತು.