ಮರುಭೂಮಿಯ ಮಿಂಚು, ಬೆಂಗಳೂರಿನ ಮಾರುತ

ಪರದೇಶದಲ್ಲಿ ನೆಲೆಸಿದವರಿಗೆ ವಿಮಾನವೆಂದರೆ ಊರಿನ ದಾರಿ. ಕುವೈತಿನ ಕನ್ನಡಿಗರೂ ಇದಕ್ಕೆ ಹೊರತಲ್ಲ. ರಜೆಯ ದಿನ, ಟಿಕೆಟಿನ ದರ, ಲಗೇಜಿನ ತೂಕ ಇವುಗಳ ಲೆಕ್ಕದಲ್ಲಿಯೇ ಮುಳುಗಿರುವ ನಾವು ವಿಮಾನವನ್ನು ಮನುಷ್ಯನ ಬುದ್ಧಿ ಕಟ್ಟಿದ ಒಂದು ಯಂತ್ರವೆಂದು ನಿಂತು ನೋಡುವುದು ವಿರಳ. ಹಾಗೆ ನೋಡಲೇಬೇಕಾದ ವಿಮಾನವೊಂದು ಕುವೈತಿನ ಚರಿತ್ರೆಯಲ್ಲಿದೆ. ಅದರ ಹೆಸರು ಇಂಗ್ಲಿಷ್ ಎಲೆಕ್ಟ್ರಿಕ್ ಲೈಟ್ನಿಂಗ್, ಎಂದರೆ ಮಿಂಚು.

ಕುವೈತ್ ಸ್ವತಂತ್ರವಾದದ್ದು 1961ರ ಜೂನ್ 19ರಂದು. ಅದರ ಬೆನ್ನಿಗೇ ಇರಾಕಿನ ಆಡಳಿತಗಾರ ಅಬ್ದುಲ್ ಕರೀಂ ಕಾಸಿಂ ಈ ನೆಲ ತಮ್ಮದೆಂದು ಘೋಷಿಸಿದರು. ಜುಲೈ ಆರಂಭದಲ್ಲಿಯೇ ಬ್ರಿಟಿಷ್ ಪಡೆಗಳು ಬಂದಿಳಿಯಬೇಕಾಯಿತು. ಆಕಾಶವನ್ನು ತಾನೇ ಕಾಯಬೇಕೆಂಬ ಅರಿವು ಈ ಪುಟ್ಟ ರಾಷ್ಟ್ರಕ್ಕೆ ಮೂಡಿದ್ದು ಇಂಥ ಆತಂಕದ ನಡುವೆ. 1966ರಲ್ಲಿ ಕುವೈತ್ ಒಟ್ಟು 14 ಲೈಟ್ನಿಂಗ್‌ಗಳಿಗೆ ಬೇಡಿಕೆ ಸಲ್ಲಿಸಿತು: ಹನ್ನೆರಡು ಒಂಟಿ ಆಸನದ ಯುದ್ಧವಿಮಾನಗಳು, ಎರಡು ತರಬೇತಿ ವಿಮಾನಗಳು. 1968ರ ಕೊನೆಯಿಂದ ಅವು ಬರತೊಡಗಿದವು. ಬ್ರಿಟನ್ನಿನ ಹೊರಗೆ ಈ ವಿಮಾನವನ್ನು ಕೊಂಡ ದೇಶಗಳು ಎರಡೇ, ಸೌದಿ ಅರೇಬಿಯಾ ಮತ್ತು ಕುವೈತ್.

ಲೈಟ್ನಿಂಗ್‌ನ ಮೂಲ ಮಾದರಿ ಮೊದಲು ಹಾರಿದ್ದು 1954ರ ಆಗಸ್ಟ್‌ನಲ್ಲಿ. ನಾಲ್ಕು ವರ್ಷಗಳ ನಂತರ, 1958ರ ನವೆಂಬರ್‌ನಲ್ಲಿ, ಅದರ ಸುಧಾರಿತ ರೂಪ ಶಬ್ದದ ಎರಡು ಪಟ್ಟು ವೇಗವನ್ನು ಮುಟ್ಟಿತು. ಅದರ ರಚನೆ ಇಂದಿಗೂ ವಿಸ್ಮಯ ಹುಟ್ಟಿಸುತ್ತದೆ. ಜೋಡಿ ಎಂಜಿನ್‌ಗಳನ್ನು ಸಾಮಾನ್ಯವಾಗಿ ಅಕ್ಕಪಕ್ಕದಲ್ಲಿ ಇಡುತ್ತಾರೆ. ಇದರಲ್ಲಿ ಎರಡು ರೋಲ್ಸ್ ರಾಯ್ಸ್ ಏವನ್ ಎಂಜಿನ್‌ಗಳು ಒಂದರ ಮೇಲೊಂದು ಇವೆ. ಕೆಳಗಿನದು ತುಸು ಮುಂದೆ, ಮೇಲಿನದು ತುಸು ಹಿಂದೆ. ಇದರಿಂದ ಗಾಳಿಗೆ ಎದುರಾಗುವ ಮುಂಭಾಗ ಕಿರಿದಾಯಿತು. ಒಂದು ಎಂಜಿನ್ ನಿಂತರೂ ವಿಮಾನ ಪಕ್ಕಕ್ಕೆ ಎಳೆಯುವ ಭಯ ತಪ್ಪಿತು. ರೆಕ್ಕೆಯ ಮುಂಗಡೆ 60 ಡಿಗ್ರಿಯಷ್ಟು ಹಿಂದಕ್ಕೆ ಬಾಗಿದೆ. ಮೂತಿಯ ಗಾಳಿದ್ವಾರದ ನಟ್ಟನಡುವಿನ ಶಂಕುವಿನೊಳಗೆ ರೇಡಾರ್ ಅಡಗಿದೆ. ಕುವೈತ್ ಕೊಂಡ ಮಾದರಿಯಲ್ಲಿ ಕೆಲವು ಹೊರೆಗಳನ್ನು ರೆಕ್ಕೆಯ ಕೆಳಗೆ ಮಾತ್ರವಲ್ಲದೆ ಮೇಲೆಯೂ ಹೊರಿಸುವ ಏರ್ಪಾಡಿತ್ತು. ಕಾರಣ ಸರಳ: ಚಕ್ರಗಳು ಮಡಚಿ ಸೇರುವುದು ರೆಕ್ಕೆಯೊಳಗೇ ಆದ್ದರಿಂದ ಕೆಳಗಿನ ಜಾಗ ಸಾಲದು.

ಈ ಜಾಣ್ಮೆಗೆ ಬೆಲೆಯೂ ಇತ್ತು. ಎಂಜಿನ್‌ಗಳ ಹಸಿವು ದೊಡ್ಡದು, ಇಂಧನಕ್ಕೆ ಸ್ಥಳ ಸಣ್ಣದು. ಹೊಟ್ಟೆಯ ಅಡಿಗೆ ಟ್ಯಾಂಕ್ ಕಟ್ಟಿದ್ದಲ್ಲದೆ ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳೊಳಗೂ ಇಂಧನ ತುಂಬಬೇಕಾಯಿತು. ಇಕ್ಕಟ್ಟಾದ ಒಡಲಿನಲ್ಲಿ ಕೊಳವೆಗಳೂ ತಂತಿಗಳೂ ಹೆಣೆದುಕೊಂಡಿದ್ದುದರಿಂದ ದುರಸ್ತಿ ದೀರ್ಘಕಾಲ ಹಿಡಿಯುತ್ತಿತ್ತು. ಆಗ ತಾನೇ ಕಣ್ಣು ಬಿಡುತ್ತಿದ್ದ ವಾಯುಪಡೆಗೆ ಇದು ಭಾರವಾಯಿತು. 1970ರ ದಶಕದ ಉತ್ತರಾರ್ಧದಲ್ಲಿ ಫ್ರಾನ್ಸಿನ ಮಿರಾಜ್ ಎಫ್-1 ಬಂದಾಗ ಲೈಟ್ನಿಂಗ್ ಸೇವೆಯಿಂದ ಸರಿಯಿತು. ಕುವೈತಿನಲ್ಲಿ ಅದು ಹಾರಿದ್ದು ಒಂದು ದಶಕಕ್ಕೂ ಕಡಿಮೆ.

ಕನ್ನಡಿಗರಾದ ನಮಗೆ ಇದು ಕೇವಲ ಪರರ ಕಥೆಯಲ್ಲ. ಲೈಟ್ನಿಂಗ್‌ಗೆ ಅಡಿಪಾಯ ಹಾಕಿದ ವಿನ್ಯಾಸಕ ಟೆಡ್ಡಿ ಪೆಟರ್, ಕೆಲಸ ಇನ್ನೂ ನಡೆಯುತ್ತಿದ್ದಾಗಲೇ ಸಂಸ್ಥೆಯನ್ನು ತೊರೆದು ಫಾಲಂಡ್ ಕಂಪನಿ ಸೇರಿದರು. ಯುದ್ಧವಿಮಾನಗಳು ಅತಿಯಾಗಿ ದೊಡ್ಡವೂ ದುಬಾರಿಯೂ ಆಗುತ್ತಿವೆ ಎಂಬುದು ಅವರ ನಿಲುವು. ಅಲ್ಲಿ ಅವರು ರೂಪಿಸಿದ ಪುಟ್ಟ ವಿಮಾನವೇ ನ್ಯಾಟ್. ಅದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಪರವಾನಗಿಯ ಮೇರೆಗೆ ತಯಾರಾಯಿತು. 1965ರ ಯುದ್ಧದಲ್ಲಿ ಹೆಸರು ಗಳಿಸಿತು. ಹೀಗೆ ಒಬ್ಬನೇ ವಿನ್ಯಾಸಕನ ಎರಡು ವಿರುದ್ಧ ಚಿಂತನೆಗಳಲ್ಲಿ ಒಂದು ಕುವೈತಿಗೂ ಇನ್ನೊಂದು ನಮ್ಮ ಬೆಂಗಳೂರಿಗೂ ಬಂದು ಸೇರಿತು.

ಇನ್ನೊಂದು ಕಾಕತಾಳೀಯವಿದೆ. ಕುವೈತ್ ಸ್ವತಂತ್ರವಾಗುವುದಕ್ಕೆ ಎರಡೇ ದಿನ ಮೊದಲು, 1961ರ ಜೂನ್ 17ರಂದು, ಬೆಂಗಳೂರಿನ ಆಕಾಶಕ್ಕೆ ಎಚ್‌ಎಫ್-24 ಮಾರುತ ಏರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಮತ್ತು ಎಚ್‌ಎಎಲ್‌ನ ತಂಡ ರೂಪಿಸಿದ ಈ ವಿಮಾನವನ್ನು ಹಾರಿಸಿದವರು ಸುರಂಜನ್ ದಾಸ್. ಮಾರುತದ ದೇಹ ಶಬ್ದದ ಎರಡು ಪಟ್ಟು ವೇಗದ ಗುರಿಯಿಂದ ಕಡೆದದ್ದು. ಆದರೆ ಅದಕ್ಕೆಂದು ನೆಚ್ಚಿಕೊಂಡಿದ್ದ ಆರ್ಫಿಯಸ್-12 ಎಂಜಿನ್ ಕೈಗೆ ಸಿಗಲಿಲ್ಲ. ಈಜಿಪ್ಟಿನ ಎಂಜಿನನ್ನು ಅಳವಡಿಸಿ ನೋಡಿದ ಪ್ರಯತ್ನವೂ ಫಲಿಸಲಿಲ್ಲ. ಕಡೆಗೆ ಕಡಿಮೆ ಶಕ್ತಿಯ ಎಂಜಿನ್‌ಗಳೊಂದಿಗೇ ಅದು 1971ರ ಯುದ್ಧದಲ್ಲಿ ತನ್ನ ಕರ್ತವ್ಯ ಮಾಡಿತು. ಲೈಟ್ನಿಂಗ್‌ಗೆ ಎಂಜಿನ್ ಇತ್ತು, ಇಂಧನ ಸಾಲಲಿಲ್ಲ. ಮಾರುತಕ್ಕೆ ದೇಹವಿತ್ತು, ಎಂಜಿನ್ ಸಾಲಲಿಲ್ಲ. ಅದನ್ನು ಸುಧಾರಿಸುವ ಪರೀಕ್ಷಾ ಹಾರಾಟವೊಂದರಲ್ಲಿಯೇ 1970ರ ಜನವರಿಯಲ್ಲಿ ಸುರಂಜನ್ ದಾಸ್ ಪ್ರಾಣ ತೆತ್ತರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಾಗುವ ಸಾವಿರಾರು ಜನರಲ್ಲಿ ಈ ಹೆಸರಿನ ಹಿಂದಿನ ತ್ಯಾಗವನ್ನು ಬಲ್ಲವರೆಷ್ಟು ಮಂದಿ?

ಹಳೆಯ ವಿಮಾನಗಳ ಮುಂದಿನ ಗತಿ ಸಾಮಾನ್ಯವಾಗಿ ಗುಜರಿ. ಕುವೈತಿನ ಲೈಟ್ನಿಂಗ್‌ಗಳಲ್ಲಿ ಕೆಲವು ಆ ಗತಿಯಿಂದ ಪಾರಾಗಿ ಸ್ಮಾರಕಗಳಾಗಿ ಉಳಿದಿವೆ. ಆದರೆ ಇಲ್ಲಿನ ಬಿಸಿಲು, ಮರಳಿನ ಗಾಳಿ, ಸಮುದ್ರದ ಉಪ್ಪು ಲೋಹವನ್ನು ನೆಮ್ಮದಿಯಾಗಿ ಇರಗೊಡುವುದಿಲ್ಲ. ಬಯಲಿನಲ್ಲಿ ನಿಲ್ಲಿಸಿದ ವಿಮಾನಕ್ಕೆ ಬಣ್ಣ ಬಳಿದರಷ್ಟೇ ಸಾಲದು. ನೆರಳು ಬೇಕು, ಅದರ ಒಳಗುಟ್ಟು ಬಲ್ಲ ಕೈಗಳು ಬೇಕು. ಆ ಕೈಗಳಿಗೆ ಈಗ ವಯಸ್ಸಾಗಿದೆ. ಅವರು ತಿಳಿದದ್ದನ್ನು ಬರೆದಿಡದಿದ್ದರೆ ಲೋಹ ಉಳಿದರೂ ವಿದ್ಯೆ ಉಳಿಯದು.

ಗಲ್ಫಿನಲ್ಲಿ ಬೆಳೆಯುವ ನಮ್ಮ ಮಕ್ಕಳು ವಿಮಾನಗಳ ನಡುವೆಯೇ ಬೆಳೆಯುತ್ತಾರೆ. ಅವನ್ನು ಕಟ್ಟಿದ ಊರೊಂದು ತಮ್ಮದೂ ಹೌದೆಂಬುದು ಮಾತ್ರ ಅವರಿಗೆ ತಿಳಿದಿರುವುದಿಲ್ಲ. ಮುಂದಿನ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮಾಲುಗಳಿಗೆ ಮೀಸಲಿಟ್ಟ ಒಂದು ಮಧ್ಯಾಹ್ನವನ್ನು ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕೊಡಬಹುದು. ಅಲ್ಲಿ ಮಾರುತವಿದೆ. ಅದರ ಪಕ್ಕದಲ್ಲಿ ನಿಂತು ಮಕ್ಕಳಿಗೆ ಕುವೈತಿನ ಮಿಂಚಿನ ಕಥೆಯನ್ನೂ ಹೇಳಿದರೆ, ಅವರು ಬೆಳೆಯುತ್ತಿರುವ ನಾಡು ಮತ್ತು ಅವರ ಹಿರಿಯರ ನಾಡು ಎರಡೂ ಒಂದೇ ಕಥೆಯಲ್ಲಿ ಕೂಡಿಬರುತ್ತವೆ.