ಪೋಕರ್: ಎಲೆ ಮಡಚುವ ಲೆಕ್ಕ

ಕಾಫಿ ಕೊಯ್ಲು ಮುಗಿದು ಅಡಿಕೆ ಮಂಡಿ ಸೇರಿದ ಮೇಲೆ ನಮ್ಮ ಕಡೆ ಇಸ್ಪೀಟು ಹೊರಬರುವುದು ಹೊಸತಲ್ಲ. ಈಚೆಗೆ ಮೂರೆಲೆಯ ಜೊತೆಗೆ ಪೋಕರ್ ಹೆಸರೂ ಕೇಳಿಬರುತ್ತಿರುವುದರಿಂದ, ಅದರ ಒಳಹೊರಗನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಹೆಚ್ಚು ಬಳಕೆಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೂ ಗುಟ್ಟಾಗಿ 2 ಎಲೆ. ನಡುವೆ ಮೊದಲು 3, ಆಮೇಲೆ 1, ಕೊನೆಗೆ 1 ಎಲೆ ಬಿಚ್ಚುತ್ತಾರೆ. ಇವು ಎಲ್ಲರಿಗೂ ಸಮಾನ. ಈ ಏಳರಲ್ಲಿ ಉತ್ತಮವಾದ ಐದೇ ಆಟಗಾರನ ಕೈ. ಕೆಳಗಿನಿಂದ ಮೇಲಕ್ಕೆ ಕ್ರಮ ಹೀಗಿದೆ: ಬಿಡಿ ಎಲೆ, ಜೋಡಿ, ಎರಡು ಜೋಡಿ, ಒಂದೇ ಅಂಕಿಯ ಮೂರು, ಸಾಲಾದ ಐದು, ಒಂದೇ ಜಾತಿಯ ಐದು, ಮೂರರ ಜೊತೆ ಜೋಡಿ, ಒಂದೇ ಅಂಕಿಯ ನಾಲ್ಕು, ಒಂದೇ ಜಾತಿಯ ಸಾಲು. 52 ಎಲೆಗಳಿಂದ ಆಗಬಹುದಾದ ಐದೆಲೆಯ ಕೈಗಳು 25,98,960. ಅಪರೂಪದ್ದಕ್ಕೆ ಬೆಲೆ ಹೆಚ್ಚು.

ಎದುರಾಳಿ ಪಣ ಕಟ್ಟಿದರೆ ಸರಿಗಟ್ಟಬೇಕು, ಏರಿಸಬೇಕು, ಇಲ್ಲವೇ ಎಲೆ ಮಡಚಬೇಕು. ಒಂದೇ ಜಾತಿಯ ನಾಲ್ಕು ಎಲೆ ಇದ್ದು, ಕೊನೆಯದೊಂದು ಬಾಕಿ ಎನ್ನೋಣ. ಕಾಣದ 46ರಲ್ಲಿ ಬೇಕಾದವು 9. ಅಂದರೆ ಸುಮಾರು ಐದಕ್ಕೆ ಒಂದು. ನಡುವೆ 80 ರೂಪಾಯಿ ಇದ್ದು 20 ಕಟ್ಟಬೇಕಾದರೆ ಹೆಚ್ಚುಕಡಿಮೆ ಸರಿಸಮ. 40 ಕಟ್ಟಬೇಕಾದರೆ ಮಡಚುವುದೇ ಜಾಣತನ. ಆಗಲೇ ಹಾಕಿದ ಹಣ ನಮ್ಮದಲ್ಲ. ಅದರ ಬೆನ್ನು ಹತ್ತಬಾರದು.

ಲೆಕ್ಕ ಸರಿಯಿದ್ದರೂ ಐದರಲ್ಲಿ ನಾಲ್ಕು ಸಲ ಸೋಲೇ. ಆದ್ದರಿಂದ ಗೊಬ್ಬರದ ಹಣ, ಸಾಲದ ಕಂತು ಪಣವಾಗಕೂಡದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನಂತೂ ಸಂಸತ್ತು 2025ರ ಕಾಯಿದೆಯಿಂದ ನಿಷೇಧಿಸಿದೆ. ಹುಣಸೆ ಬೀಜ ಇಟ್ಟು ಆಡಿದರೂ ಬುದ್ಧಿಗೆ ಅಷ್ಟೇ ಕೆಲಸ.