ಸರಕಾರೀ ಕ್ಲೌಡ್‌ಗಳಲ್ಲಿ ಕ್ಯಾಶ್ ಸೇವೆ: ‘ಲಭ್ಯ’ವೆಂಬ ಪದದ ವಿಚಾರ

ಅಮರಕೋಶವನ್ನು ಕಂಠಸ್ಥ ಮಾಡಿಕೊಂಡ ವಿದ್ಯಾರ್ಥಿಯು ಒಂದು ಪದದ ಪರ್ಯಾಯಗಳಿಗಾಗಿ ಪ್ರತಿಸಲವೂ ಓಲೆಯ ಕಟ್ಟನ್ನು ಬಿಚ್ಚುವುದಿಲ್ಲ. ಗಣಕಯಂತ್ರಗಳಲ್ಲಿಯೂ ಇಂತಹುದೇ ಒಂದು ಏರ್ಪಾಡುಂಟು. ಪದೇಪದೇ ಬೇಕಾಗುವ ಮಾಹಿತಿಯ ಪ್ರತಿಯನ್ನು, ಮೂಲ ಭಂಡಾರಕ್ಕೆ ಹೋಗದೆ ಒಡನೆಯೇ ದೊರೆಯುವಂತೆ ಯಂತ್ರದ ಶೀಘ್ರಸ್ಮೃತಿಯಲ್ಲಿ ಇರಿಸುವುದಕ್ಕೆ ‘ಕ್ಯಾಶ್’ ಎಂದು ಹೆಸರು. ಬಚ್ಚಿಡುವುದೆಂಬ ಅರ್ಥದ ಫ್ರೆಂಚ್ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೂ ನಗದು ಹಣದ ಕ್ಯಾಶಿಗೂ ಉಚ್ಚಾರಸಾಮ್ಯವಲ್ಲದೆ ಬೇರೆ ನಂಟಿಲ್ಲ. ಮೂಲಗ್ರಂಥವು ತಿದ್ದಲ್ಪಟ್ಟರೂ ಕಂಠಪಾಠವು ಹಳೆಯದಾಗಿಯೇ ಉಳಿಯಬಹುದೆಂಬ ದೋಷವು ಎರಡೆಡೆಯಲ್ಲಿಯೂ ಸಮಾನವಾದುದು.

2003ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ರಚಿಸಿದ ಮೆಮ್‌ಕ್ಯಾಶ್ಡ್, 2009ರಲ್ಲಿ ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ಪ್ರಕಟಿಸಿದ ರೆಡಿಸ್ ಎಂಬಿವು ಈ ಕಾರ್ಯಕ್ಕೆ ಪ್ರಸಿದ್ಧವಾದ ತಂತ್ರಾಂಶಗಳು. ಇವನ್ನು ಸ್ಥಾಪಿಸಿ ಸದಾ ಕಾಯುವ ಹೊಣೆಯನ್ನು ಯಂತ್ರಗಳನ್ನು ಬಾಡಿಗೆಗೆ ಕೊಡುವ ಕಂಪೆನಿಯೇ ವಹಿಸಿಕೊಂಡರೆ ಅದು ‘ನಿರ್ವಹಿತ ಸೇವೆ’ಯೆನಿಸುತ್ತದೆ. ಅಮೆಜಾನ್ ಕಂಪೆನಿಯ ಎಲಾಸ್ಟಿಕ್ಯಾಶ್ 2011ರಲ್ಲಿ ಆರಂಭವಾಯಿತು. ಅದೇ ವರ್ಷದಲ್ಲಿಯೇ ಆ ಕಂಪೆನಿಯು ಅಮೆರಿಕಾದ ಸರಕಾರೀ ಕಾರ್ಯಗಳಿಗೆಂದು ಗವ್‌ಕ್ಲೌಡ್ ಎಂಬ ಪ್ರತ್ಯೇಕ ಪ್ರದೇಶವನ್ನು ಪಶ್ಚಿಮಭಾಗದಲ್ಲಿ ತೆರೆಯಿತು; ಪೂರ್ವಭಾಗದಲ್ಲಿ ಎರಡನೆಯದು 2018ರಲ್ಲಿ ಬಂದಿತು. ಮೈಕ್ರೋಸಾಫ್ಟಿನವರ ಅಜೂರ್ ಗವರ್ನಮೆಂಟ್ 2014ರದು.

ಇವು ಸಾಮಾನ್ಯ ಕ್ಲೌಡಿನ ಒಂದು ಮೂಲೆಯಲ್ಲ, ಬೇರೆಯೇ ಕಟ್ಟಿದ ಕೋಟೆಗಳು. ಯಂತ್ರಗಳು ಬೇರೆ, ಪ್ರವೇಶದ ಕೀಲಿಕೈಗಳು ಬೇರೆ. ಗವ್‌ಕ್ಲೌಡನ್ನು ನಡೆಸುವವರು ಅಮೆರಿಕಾದ ಪೌರರೇ ಆಗಿರತಕ್ಕದ್ದು. ಆದುದರಿಂದ ಹೊರಗೆ ಸಿದ್ಧವಾದ ಸೇವೆಯು ಒಳಗೆ ತಾನಾಗಿಯೇ ಬಂದುಬಿಡುವುದಿಲ್ಲ. ಅದನ್ನು ಅಲ್ಲಿ ಪುನಃ ನೆಲೆಗೊಳಿಸಬೇಕು. ಹೊಸ ಅಂಗಗಳು ಮೊದಲು ಹೊರಗಿನ ಪ್ರದೇಶಗಳಲ್ಲಿ ತಲೆದೋರಿ, ಇಲ್ಲಿ ತಡವಾಗಿ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ.

ಹೀಗಿರಲು, ಸೇವಾಪಟ್ಟಿಯಲ್ಲಿ ‘ಲಭ್ಯ’ವೆಂದು ಬರೆದಿದ್ದರೆ ಅದರ ಅರ್ಥವೇನು? ಸೇವೆಯ ಹೆಸರು ಅಲ್ಲಿ ಉಂಟೆಂಬುದಷ್ಟೇ ವಾಚ್ಯಾರ್ಥ. ಅಷ್ಟರಿಂದಲೇ ಒಂದು ಇಲಾಖೆಯು ಅದನ್ನು ಬಳಸಲಾಗದು. 2011ರಲ್ಲಿ ಏರ್ಪಟ್ಟ ಫೆಡ್‌ರ‍್ಯಾಂಪ್ ಎಂಬ ಕೇಂದ್ರ ವ್ಯವಸ್ಥೆಯು ಕ್ಲೌಡ್ ಸೇವೆಗಳನ್ನು ಪರೀಕ್ಷಿಸುವುದಕ್ಕೆ ಕೆಳಗಿನ, ಮಧ್ಯಮ, ಉನ್ನತ ಎಂಬ ಸ್ತರಗಳನ್ನು ಗೊತ್ತುಮಾಡಿದೆ. ಇಲಾಖೆಯ ಮಾಹಿತಿಗೆ ತಕ್ಕ ಸ್ತರದಲ್ಲಿ ಆ ಸೇವೆಯು ಅಂಗೀಕೃತವಾಗಿರಬೇಕು. ಲಭ್ಯವೂ ಅಂಗೀಕೃತವೂ ಆದುದರಲ್ಲಿ ಬೇಕಾದ ಗುಣವೇ ಇಲ್ಲದಿರುವುದೂ ಉಂಟು.

ಗೂಢಲೇಖನದ ವಿಷಯವನ್ನೇ ನೋಡಬಹುದು. ಕ್ಯಾಶ್ ಕೇವಲ ಪ್ರತಿಯಷ್ಟೇ, ಅದಕ್ಕೇನು ಕಾವಲು ಎಂಬ ಉದಾಸೀನವು ಸಾಮಾನ್ಯ. ಆದರೆ ರಹಸ್ಯದ ಪ್ರತಿಯೂ ರಹಸ್ಯವೇ. ರೆಡಿಸ್ಸು ತನ್ನ ಸುತ್ತಲಿನ ಜಾಲವೆಲ್ಲ ನಂಬಿಕೆಯದೆಂಬ ಊಹೆಯ ಮೇಲೆ ರಚಿತವಾದದ್ದು. ಸಾಗುವ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಶಕ್ತಿ ಅದಕ್ಕೆ ಸ್ವತಃ ಬಂದದ್ದು 2020ರ ಆರನೆಯ ಆವೃತ್ತಿಯಲ್ಲಿ. ಎಲಾಸ್ಟಿಕ್ಯಾಶಿನವರು ಅದನ್ನು 2017ರಲ್ಲಿಯೇ ಹೊರಗಿನಿಂದ ಸೇರಿಸಿದ್ದರು. ಇಷ್ಟಾದರೂ ಸಾಲದು; ಗೂಢಲೇಖನಕ್ಕೆ ಬಳಸುವ ಉಪಕರಣವು ಫಿಪ್ಸ್ 140 ಎಂಬ ಪ್ರಮಾಣಕ್ಕೆ ಒಳಪಟ್ಟಿರಬೇಕೆಂದು ಕೇಂದ್ರಸರಕಾರದ ನಿಯಮವಿದೆ.

ಇನ್ನು ಹೆಸರಿನ ತೊಡಕು. ಸಾಮಾನ್ಯ ಅಜೂರಿನಲ್ಲಿ ರೆಡಿಸ್ ಕ್ಯಾಶಿನ ವಿಳಾಸವು ‘ರೆಡಿಸ್.ಕ್ಯಾಶ್.ವಿಂಡೋಸ್.ನೆಟ್’ ಎಂದು ಮುಗಿದರೆ, ಸರಕಾರೀ ಅಜೂರಿನಲ್ಲಿ ‘ರೆಡಿಸ್.ಕ್ಯಾಶ್.ಯುಎಸ್‌ಗವ್‌ಕ್ಲೌಡ್‌ಎಪಿಐ.ನೆಟ್’ ಎಂದಾಗುತ್ತದೆ. ಅಮೆಜಾನಿನಲ್ಲಿ ಪ್ರತಿಯೊಂದು ವಸ್ತುವಿನ ಪೂರ್ಣನಾಮದೊಳಗೆ ‘ಎಡಬ್ಲ್ಯೂಎಸ್’ ಎಂದಿರುವೆಡೆಯಲ್ಲಿ ‘ಎಡಬ್ಲ್ಯೂಎಸ್-ಯುಎಸ್-ಗವ್’ ಎಂದಿರುತ್ತದೆ. ಲಿಪಿಕಾರನ ಕೈತಪ್ಪಿನಿಂದ ಒಂದಕ್ಷರ ಬಿದ್ದರೂ ಓದುಗನು ಸಂದರ್ಭದಿಂದ ಊಹಿಸಿಕೊಂಡಾನು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಹೊರಗಿನ ಹೆಸರನ್ನು ಕ್ರಮವಿಧಿಯಲ್ಲಿ ಅಚ್ಚೊತ್ತಿದಂತೆ ಬರೆದಿಟ್ಟವರಿಗೆ, ಸೇವೆಯು ಲಭ್ಯವಿದ್ದೂ ದೊರೆಯುವುದಿಲ್ಲ.

ಸೇವೆಯು ಇಲ್ಲದಾಗ ಇಲಾಖೆಯು ಬಾಡಿಗೆಯ ಯಂತ್ರದ ಮೇಲೆ ರೆಡಿಸ್ಸನ್ನು ತಾನೇ ಸ್ಥಾಪಿಸಿಕೊಳ್ಳಬಹುದು. ಆಗ ಭದ್ರತೆಯ ತೇಪೆ ಹಾಕುವುದು, ಒಂದು ಯಂತ್ರ ಕೆಟ್ಟರೆ ಮತ್ತೊಂದನ್ನು ನಿಲ್ಲಿಸುವುದು, ಲೆಕ್ಕಪರಿಶೋಧಕರಿಗೆ ಉತ್ತರ ಹೇಳುವುದು ಎಲ್ಲವೂ ಅದರ ತಲೆಯ ಮೇಲೆಯೇ. ಸಣ್ಣ ಇಲಾಖೆಗೆ ಇದು ಸಾಮಾನ್ಯ ಭಾರವಲ್ಲ.

ದೊರೆತ ಸೇವೆಯೂ ಸ್ಥಿರವಲ್ಲ. 2024ರ ಮಾರ್ಚಿಯಲ್ಲಿ ರೆಡಿಸ್ಸಿನ ಪರವಾನಿಗೆಯ ಷರತ್ತುಗಳು ಬದಲಾದುವು. ಕೂಡಲೇ ಲಿನಕ್ಸ್ ಫೌಂಡೇಷನ್ನಿನ ಆಶ್ರಯದಲ್ಲಿ ವಾಲ್‌ಕೀ ಎಂಬ ಕವಲು ಹುಟ್ಟಿ, ಅದೇ ವರ್ಷ ಎಲಾಸ್ಟಿಕ್ಯಾಶಿನಲ್ಲಿಯೂ ಸೇರಿತು. ಮೈಕ್ರೋಸಾಫ್ಟಿನವರು ತಮ್ಮ ಹಳೆಯ ರೆಡಿಸ್ ಕ್ಯಾಶ್ ಸೇವೆಯ ಸಾಮಾನ್ಯ ವರ್ಗಗಳನ್ನು 2028ರ ಸೆಪ್ಟೆಂಬರಿನಲ್ಲಿ ನಿಲ್ಲಿಸುವುದಾಗಿ 2025ರಲ್ಲಿ ಸಾರಿದ್ದಾರೆ. ಸರಕಾರೀ ಕ್ಲೌಡಿನಲ್ಲಿ ಆ ಸೇವೆಯನ್ನು ನೆಚ್ಚಿರುವ ಇಲಾಖೆಗಳು, ಅದರ ಸ್ಥಾನಕ್ಕೆ ಬರುವುದು ತಮ್ಮ ಕೋಟೆಯೊಳಗೆ ಎಂದು ಲಭ್ಯವಾಗುವುದು, ಯಾವ ಸ್ತರದಲ್ಲಿ ಅಂಗೀಕೃತವಾಗುವುದು ಎಂಬುದನ್ನು ಆ ಅವಧಿಗೆ ಮೊದಲೇ ಕೇಳಿ ತಿಳಿಯಬೇಕಾಗಿದೆ.